ಜಲಜಾ ಕೊಟ್ಟ ಉತ್ತರ

ಆ ದಿನಗಳಲ್ಲಿ ಮುಂಬಯಿ ಪಕ್ಕದ ಡೊಂಬಿವಲಿಯ ನಮ್ಮ ಕಟ್ಟಡಕ್ಕೆ ಜೂನ್ ಬಂತೆಂದರೆ ಮಳೆಗಿಂತ ಮೊದಲು ಖಾಕಿ ಕಾಗದದ ವಾಸನೆ ಬರುತ್ತಿತ್ತು. ಮನೆಮನೆಯಲ್ಲೂ ಹೊಸ ಪುಸ್ತಕಗಳಿಗೆ ಬೈಂಡು ಹಾಕುವ ಗಡಿಬಿಡಿ. ಆ ವರ್ಷ ನನ್ನ ಐದನೇ ಕ್ಲಾಸಿನ ಪುಸ್ತಕಗಳಿಗೆ ಬೈಂಡು ಹಾಕಿದವಳು ಜಲಜಾ. ಒಂದೊಂದನ್ನೂ ಮೂಗಿಗೆ ಹಿಡಿದು ಮೂಸಿ, ಆಮೇಲೆ ಕಾಗದ ಮಡಚುತ್ತಿದ್ದಳು. ನಾನು ನಗುತ್ತಿದ್ದೆ.

ಅವಳಿಗೆ ಹನ್ನೊಂದು, ನನಗೆ ಹತ್ತು. ನನ್ನ ತಮ್ಮ ಪುಟ್ಟ ಹುಟ್ಟಿದ ಮೇಲೆ ಅವನನ್ನು ಎತ್ತಿಕೊಳ್ಳಲೆಂದು ಅವಳನ್ನು ಕುಂದಾಪುರದ ಕಡೆಯಿಂದ ಕರೆತಂದಿದ್ದರು. ಅಪ್ಪನ ಪರಿಚಯದವರೊಬ್ಬರು ಅವಳ ತಾಯಿಗೆ, "ಮುಂಬಯಿಯಲ್ಲಿ ಶಾಲೆಗೆ ಸೇರಿಸ್ತಾರೆ, ಮನೆ ಮಗಳ ಹಾಗೆ ನೋಡ್ಕೊಳ್ತಾರೆ" ಎಂದು ಒಪ್ಪಿಸಿದ್ದರಂತೆ. ಮನೆ ಮಗಳು ನಮ್ಮೆಲ್ಲರ ಊಟವಾದ ಮೇಲೆ ಅಡುಗೆಮನೆಯ ನೆಲದಲ್ಲಿ ಕೂತು ಉಣ್ಣುತ್ತಿದ್ದಳು. ಶಾಲೆಯ ಮಾತನ್ನು ಯಾರೂ ಎತ್ತಲಿಲ್ಲ. ಯಾರಾದರೂ ಕೇಳಿದರೆ ಚಿಕ್ಕಮ್ಮನ ಮಗಳು ಅನ್ನಬೇಕೆಂದು ಅಮ್ಮ ನನಗೆ ಕಲಿಸಿದ್ದಳು.

ಮಧ್ಯಾಹ್ನ ಪುಟ್ಟ ಮಲಗಿದಾಗ ನಾವಿಬ್ಬರೂ ಕಲ್ಲಾಟ ಆಡುತ್ತಿದ್ದೆವು. ಗೆಲ್ಲುತ್ತಿದ್ದವಳು ಅವಳೇ. ಸೋಲು ಹತ್ತಿರ ಬಂತೆಂದರೆ ನಾನು "ಪುಟ್ಟ ಅಳ್ತಿದ್ದಾನೆ, ಹೋಗು" ಅನ್ನುತ್ತಿದ್ದೆ. ಅವಳು ಎದ್ದು ಹೋಗುತ್ತಿದ್ದಳು.

ಶಾಲೆ ಶುರುವಾಗಲು ಎರಡು ದಿನವಿದ್ದಾಗ ಟೀಚರೊಬ್ಬರು ಬಾಗಿಲಿಗೆ ಬಂದರು. ಶಾಲೆಗೆ ಹೋಗದ ಮಕ್ಕಳ ಪಟ್ಟಿ ಮಾಡಲು ಮನೆಮನೆ ತಿರುಗುತ್ತಿದ್ದರು. ಅಮ್ಮ ತರಕಾರಿ ತರಲು ಹೋಗಿದ್ದಳು. ಹಾಗಾಗಿ ಆವತ್ತಿನ ತಪ್ಪನ್ನು ಈಗ ಅಮ್ಮನ ಮೇಲೆ ಹಾಕಿ ಜಾರಿಕೊಳ್ಳೋಣವೆಂದರೆ ಅದಕ್ಕೂ ದಾರಿಯಿಲ್ಲ. ಮನೆಯಲ್ಲಿ ಮರಾಠಿ ಸರಿಯಾಗಿ ಬರುತ್ತಿದ್ದದ್ದು ನನಗೊಬ್ಬಳಿಗೇ. ಗ್ಯಾಸಿನವನಿಂದ ಡಾಕ್ಟರವರೆಗೆ ಎಲ್ಲರ ಮಾತನ್ನೂ ಅಮ್ಮನಿಗೆ ನಾನೇ ತಿಳಿಸಬೇಕು. ಆ ಜಂಬ ಬೇರೆ.

ಟೀಚರು ಪುಟ್ಟನನ್ನು ಸೊಂಟದಲ್ಲಿಟ್ಟುಕೊಂಡಿದ್ದ ಜಲಜಾಳನ್ನು ನೋಡಿ, "ಹಿಲಾ ವಿಚಾರ್, ಶಾಳೇತ್ ಯಾಯ್ಚಂ ಆಹೇ ಕಾ?" ಎಂದರು.

"ಶಾಲೆಗೆ ಬರ್ತೀಯಾ ಅಂತ ಕೇಳ್ತಿದ್ದಾರೆ" ಎಂದೆ. ಅಷ್ಟನ್ನು ಮಾತ್ರ ಸರಿಯಾಗಿ ಹೇಳಿದೆ.

ಅವಳ ಮುಖ ಅರಳಿತು. "ಹೌದು ಅಂತ ಹೇಳ್ ಶುಭಾ! ನಾಲ್ಕನೇ ಕ್ಲಾಸ್ ಪಾಸ್ ಅಂತ್ಲೂ ಹೇಳ್. ನಾಳೆಯಿಂದ್ಲೇ ಬತ್ತೆ."

ನಾನು ಟೀಚರ ಕಡೆ ತಿರುಗಿದೆ. ಇವಳು ಚಿಕ್ಕಮ್ಮನ ಮಗಳು, ರಜೆಗೆ ಬಂದಿದ್ದಾಳೆ, ಊರಲ್ಲೇ ಓದುತ್ತಾಳೆ ಎಂದು ಮರಾಠಿಯಲ್ಲಿ ಪಟಪಟನೆ ಹೇಳಿದೆ. ಇಲ್ಲಿಯ ಶಾಲೆ ಬೇಡವಂತೆ ಎಂದೂ ಸೇರಿಸಿದೆ. ಅದನ್ನು ಅಮ್ಮ ಕಲಿಸಿರಲಿಲ್ಲ. ಜಲಜಾ ಶಾಲೆಗೆ ಹೋದರೆ ಪುಟ್ಟ ನನ್ನ ಸೊಂಟಕ್ಕೆ ಬರುತ್ತಾನೆ, ಸಂಜೆ ಕಂಪೌಂಡಿನ ಲಗೋರಿ ತಪ್ಪುತ್ತದೆ. ನನ್ನ ತಲೆಯಲ್ಲಿದ್ದದ್ದು ಇಷ್ಟೇ. ಬರೆಯಲು ನಾಚಿಕೆಯಾಗುತ್ತದೆ. ಅವಳು ನಗುತ್ತಿದ್ದಳಲ್ಲ, ಆ ನಗು ನೋಡಿಯೇ ಟೀಚರು ನನ್ನ ಮಾತು ನಂಬಿರಬೇಕು. ಬರೆದುಕೊಂಡು ಪಕ್ಕದ ಮನೆಗೆ ಹೋದರು.

"ಎಂತ ಅಂದ್ರು?" ಜಲಜಾ ಕೇಳಿದಳು.

"ಆಮೇಲೆ ಬರ್ತಾರಂತೆ."

ಅವಳು ನಂಬಿದಳು. ಬಾಗಿಲ ಬೆಲ್ ಆದಾಗಲೆಲ್ಲ ಕೂದಲು ಸರಿಮಾಡಿಕೊಂಡು ಬಾಗಿಲಿಗೆ ಓಡುತ್ತಿದ್ದಳು. ಹಾಲಿನವನು ಬಂದ, ಇಸ್ತ್ರಿಯವನು ಬಂದ, ಗಣಪತಿಯ ಚಂದಾ ಕೇಳುವವರು ಬಂದರು. ದೀಪಾವಳಿಯ ಹೊತ್ತಿಗೆ ಪುಟ್ಟ ನಡೆಯತೊಡಗಿದ. ಅದೇ ಪರಿಚಯದವರು ಬಂದು ಅವಳನ್ನು ಖಾರಘರದ ಕಡೆ ಯಾರದೋ ಮನೆಗೆ ಕರೆದೊಯ್ದರು. ಹೊರಡುವಾಗ ಚಪ್ಪಲಿ ಹಾಕಿಕೊಳ್ಳುತ್ತ ಅವಳು ನನ್ನ ಹತ್ತಿರ ಮೆಲ್ಲಗೆ, "ಟೀಚರ್ ಬಂದ್ರೆ ನಾನ್ ಎಲ್ಲಿಗೆ ಹೋದೆ ಅಂತ ಹೇಳ್, ಆಯ್ತಾ?" ಎಂದಳು.

"ಆಯ್ತು" ಎಂದೆ.

ಈಗ ಆ ಕಂಪೌಂಡಿನಲ್ಲಿ ಲಗೋರಿಯಿಲ್ಲ, ಕಾರುಗಳು ನಿಂತಿವೆ. ನನ್ನ ಓರಗೆಯವರು ಅದಕ್ಕಾಗಿ ಹಳಹಳಿಸುತ್ತಾರೆ. ಅವರ ಜೊತೆ ದನಿಗೂಡಿಸಲು ನನಗೆ ಬಾಯಿ ಬರುವುದಿಲ್ಲ. ಮೊನ್ನೆ ಅಮ್ಮನನ್ನು ಜಲಜಾಳ ಊರು ಯಾವುದೆಂದು ಕೇಳಿದೆ.

"ಯಾರಿಗೆ ನೆನಪುಂಟು ಮಾರಾಯ್ತಿ? ಕರ್ಕೊಂಡು ಬಂದವರೂ ಈಗ ಇಲ್ಲ. ಅವಳಿಗೆ ನಮ್ಮಲ್ಲಿ ಎಂತ ಕಮ್ಮಿ ಆಗಿತ್ತು?"

ಖಾರಘರದ ಮನೆಯವರ ಹೆಸರೂ ನಮ್ಮಲ್ಲಿ ಯಾರಿಗೂ ಗೊತ್ತಿಲ್ಲ. ಒಂದು ಮಗುವನ್ನು ಕೈಯಿಂದ ಕೈಗೆ ದಾಟಿಸಿದೆವು, ಎಲ್ಲಿಗೆಂದು ಕೇಳಲಿಲ್ಲ. ಇವತ್ತು ಆ ಟೀಚರೇ ಬಂದು ಬಾಗಿಲಲ್ಲಿ ನಿಂತರೂ, ಜಲಜಾ ಎಲ್ಲಿಗೆ ಹೋದಳೆಂದು ಹೇಳಲು ನನಗೆ ತಿಳಿಯದು.