ನಾನು ತಪ್ಪು ಕಲಿಸಿದ ಇಂಗ್ಲಿಷ್

ಕೊಲ್ಲಿ ದೇಶದ ಅಲ್ ಖೌದ್ ಊರಿನ ನಮ್ಮ ಫ್ಲ್ಯಾಟಿನಿಂದ ನಾನು ಚೀನಾದ ಹನ್ನೆರಡನೇ ತರಗತಿಯ ಹುಡುಗಿಯೊಬ್ಬಳಿಗೆ ಆನ್‌ಲೈನಿನಲ್ಲಿ ಇಂಗ್ಲಿಷ್ ಕಲಿಸುತ್ತಿದ್ದೆ. ಕಾಲೇಜು ಸೇರಲು ಅವಳು ಬರೆಯಬೇಕಾದ ದೊಡ್ಡ ಪರೀಕ್ಷೆಗೆ ಎರಡೇ ದಿನ ಇತ್ತು. ಹಳೆಯ ಪಾಠ ಬರೆದಿಟ್ಟ ಪುಸ್ತಕ ತಿರುವಿಹಾಕುವಾಗ, ಉದ್ದದ ವಾಕ್ಯವೊಂದರಲ್ಲಿ 'ಹ್ಯಾಸ್' ಬರಬೇಕಾದಲ್ಲಿ ನಾನು 'ಹ್ಯಾವ್' ಎಂದು ಹೇಳಿಕೊಟ್ಟದ್ದು ಕಣ್ಣಿಗೆ ಬಿತ್ತು. ಕೂಡಲೇ ಕರೆ ಮಾಡಿದರೆ ಅವಳ ಫೋನು ಸ್ವಿಚ್ ಆಫ್.

"ಪರೀಕ್ಷೆ ಅಂತ ಮನೆಯವರು ಫೋನು ತೆಗೆದಿಟ್ಟಿರ್ತಾರೆ ಮಾರಾಯ್ತಿ, ನೀನು ಊಟ ಮಾಡು," ಎಂದರು ನನ್ನ ಗಂಡ. ನಾನು ತಟ್ಟೆ ಪಕ್ಕಕ್ಕಿಟ್ಟು ಮತ್ತೆ ಕರೆ ಮಾಡಿದೆ.

ಮರುದಿನ ಬೆಳಿಗ್ಗೆ ಅವಳೇ ಕರೆ ಮಾಡಿದಳು. ನಾನು ತಪ್ಪೊಪ್ಪಿಕೊಂಡೆ.

"ನನಗೆ ಅವತ್ತೇ ಗೊತ್ತಾಗಿತ್ತು ಟೀಚರ್. ನಿಮಗೆ ಹೇಳಲು ಹೆದರಿಕೆಯಾಯಿತು."

"ಬೇರೆ ತಪ್ಪುಗಳೂ ಇದ್ದವಾ?" ನಾನು ಕೇಳಿದೆ.

"ಇನ್ನೂ ಮೂರು," ಎಂದಳು.

ನಾನು ಪುಸ್ತಕ ತೆರೆದೆ. ಆ ದಿನ ಅವಳು ಹೇಳಿದಳು, ನಾನು ತಿದ್ದಿಕೊಂಡೆ.