ತಪ್ಪು ಉತ್ತರ ಬರೆಯುವ ಮಾಗ್ನಿ

ಬೇಕೆಂದೇ ತಪ್ಪು ಉತ್ತರ ಬರೆದು ಸಂಬಳ ಪಡೆಯುವವರು ನಾರ್ವೆಯ ಆ ಕರಾವಳಿ ಊರಿನಲ್ಲಿ ಮಾಗ್ನಿಯನ್ನು ಬಿಟ್ಟರೆ ಇನ್ನೊಬ್ಬರಿರಲಿಲ್ಲ. ವಿಶ್ವವಿದ್ಯಾಲಯದ ಆನ್‌ಲೈನ್ ಪರೀಕ್ಷೆಗಳನ್ನು ಸಿದ್ಧಪಡಿಸುವುದು ಅವಳ ಕೆಲಸ. ಮೇಷ್ಟ್ರುಗಳು ಪ್ರಶ್ನೆ ಕಳಿಸಿ ಕೈತೊಳೆದುಕೊಳ್ಳುತ್ತಿದ್ದರು. ಅವನ್ನು ಕಂಪ್ಯೂಟರಿಗೆ ಏರಿಸಿ, ಸರಿಯುತ್ತರ ತುಂಬಿ, ಎಷ್ಟು ಹೆಚ್ಚುಕಡಿಮೆಯಾದರೂ ಒಪ್ಪಬಹುದೆಂದು ಯಂತ್ರಕ್ಕೆ ಹೇಳಿಕೊಡುವವಳು ಅವಳು. ಆಮೇಲೆ ಸುಳ್ಳು ವಿದ್ಯಾರ್ಥಿಯಾಗಿ ತಾನೇ ಪರೀಕ್ಷೆಗೆ ಕೂರುತ್ತಿದ್ದಳು. ಮೊದಲ ಸಲ ಎಲ್ಲವೂ ಸರಿ, ಎರಡನೆಯ ಸಲ ಎಲ್ಲವೂ ತಪ್ಪು.

"ಏನ್ ಮಾಗ್ನಿ, ಇವತ್ತೂ ಫೇಲಾ?" ಎಂದು ಅವಳ ಮೇಲಧಿಕಾರಿ ಸ್ಟೈನಾರ್ ಕಾಫಿ ಲೋಟ ಹಿಡಿದುಕೊಂಡೇ ಛೇಡಿಸುತ್ತಿದ್ದ.

"ನಾನು ಫೇಲಾದ್ರೇನೇ ನೀನು ನಿಶ್ಚಿಂತೆಯಾಗಿ ಮಲಗೋದು. ಹೋಗು, ಕೆಲಸ ನೋಡು."

ಆ ವರ್ಷ ಮೇ ತಿಂಗಳಲ್ಲಿ ಅವಳ ಗಂಡ ಟೋರ್ಗೆಯ್ರ್‌ಗೆ ಲಕ್ವ ಹೊಡೆಯಿತು. ಅದೇ ವಾರ ನರ್ಸಿಂಗ್ ವಿದ್ಯಾರ್ಥಿಗಳಿಗೆ ಔಷಧಿ ಲೆಕ್ಕದ ಪರೀಕ್ಷೆ. ಬಲು ಬಿಗಿಯಾದ ಪರೀಕ್ಷೆ ಅದು. ಒಂದೇ ಲೆಕ್ಕ ತಪ್ಪಿದರೂ ಫೇಲು, ಮೂರು ಸಲ ಫೇಲಾದರೆ ಓದಿಗೇ ಎಳ್ಳುನೀರು. ಮಾಗ್ನಿ ಹಳೆಯ ಪ್ರಶ್ನೆಯೊಂದನ್ನು ನಕಲು ಮಾಡಿ ಅಂಕಿಗಳನ್ನು ಬದಲಿಸಿದಳು, ಸರಿಯುತ್ತರ ಬರೆದು ನೋಡಿದಳು, ಹಸಿರು ಗುರುತು ಬಂತು. ಇನ್ನು ತಪ್ಪು ಬರೆಯಬೇಕು ಎನ್ನುವಷ್ಟರಲ್ಲಿ ಆಸ್ಪತ್ರೆಯಿಂದ ಫೋನ್ ಬಂತು. ಎದ್ದು ಹೋದವಳಿಗೆ ಮತ್ತೆ ಅದರ ನೆನಪಾಗಲಿಲ್ಲ.

ನೆನಪಾದದ್ದು ಜುಲೈನಲ್ಲಿ. ಊರಿಗೆ ಊರೇ ರಜೆಯ ಮೇಲೆ ಹೋಗಿತ್ತು. ಆಗಸ್ಟ್‌ನ ಮರುಪರೀಕ್ಷೆಗೆ ಅದೇ ಪ್ರಶ್ನೆಯನ್ನು ತೆಗೆದು, ಈ ಸಲ ತಪ್ಪು ಉತ್ತರವನ್ನೇ ಮೊದಲು ಬರೆದಳು. ಸರಿಯುತ್ತರ ಅರ್ಧ ಮಿಲಿಲೀಟರ್ ಮಾರ್ಫಿನ್. ಅವಳು ಬರೆದದ್ದು ಐದು, ಅಂದರೆ ಅದರ ಹತ್ತು ಪಟ್ಟು, ನಿದ್ದೆ ಹೋದವರು ಮತ್ತೆ ಏಳದಷ್ಟು. ಯಂತ್ರ ಹಸಿರು ಗುರುತು ತೋರಿಸಿತು.

ಇದು ಯಾವುದರ ನಕಲು ಎಂದು ಹುಡುಕಿದಳು. ಹಳೆಯ ಪ್ರಶ್ನೆ ಸಲೈನ್ ಬಾಟಲಿಯದು, ಉತ್ತರ ನಾನೂರು. ಅಲ್ಲಿ ಐದು ಮಿಲಿಲೀಟರ್ ಅತ್ತಿತ್ತ ಆದರೂ ಒಪ್ಪು ಎಂದು ಯಂತ್ರಕ್ಕೆ ಹೇಳಿತ್ತು, ಅಷ್ಟಕ್ಕೆ ಯಾರೂ ಸಾಯುವುದಿಲ್ಲ. ಅಂಕಿ ಬದಲಿಸಿದವಳು ಆ ಸಡಿಲವನ್ನು ಬದಲಿಸಿರಲಿಲ್ಲ. ಕೂಡಲೇ ಮೇ ತಿಂಗಳ ಉತ್ತರಗಳನ್ನು ತೆರೆದಳು. ಒಬ್ಬರು ಐದು ಎಂದು ಬರೆದಿದ್ದರು. ಬರೆದವರಿಗೆ ಒಂದು ಸಂಖ್ಯೆಯಿತ್ತು, ಹೆಸರಿರಲಿಲ್ಲ. ಹೆಸರು ತೆರೆಯಲು ಸ್ಟೈನಾರ್ ಒಪ್ಪಬೇಕು.

ಫೋನ್ ಮಾಡಿದಾಗ ಸ್ಟೈನಾರ್ ಬೆಟ್ಟದ ಮೇಲಿನ ತನ್ನ ಮರದ ಮನೆಗೆ ಬಣ್ಣ ಬಳಿಯುತ್ತಿದ್ದ. "ಒಬ್ರೇ ತಾನೆ? ಫಲಿತಾಂಶ ಕೊಟ್ಟಾಗಿದೆ. ಆಗಸ್ಟ್‌ನಲ್ಲಿ ಪರೀಕ್ಷಾ ಸಮಿತಿ ಸೇರಲಿ, ನೋಡೋಣ. ಪಾಪ, ಪಾಸಾದವರನ್ನ ಯಾಕೆ ಅಳಿಸ್ತೀಯಾ?"

"ಬೇಸಿಗೇಲಿ ಆ ಮಕ್ಕಳೆಲ್ಲ ವೃದ್ಧಾಶ್ರಮಗಳಲ್ಲಿ ಕೆಲಸ ಮಾಡ್ತಾರೆ, ಸ್ಟೈನಾರ್. ಸೂಜಿ ಅವರ ಕೈಯಲ್ಲಿರುತ್ತೆ."

"ಪಕ್ಕದಲ್ಲಿ ಇನ್ನೊಬ್ರು ಇದ್ದೇ ಇರ್ತಾರೆ. ಎರಡು ಸಲ ಪರೀಕ್ಷಿಸ್ದೆ ಯಾರೂ ಕೊಡಲ್ಲ. ನೀನೂ ಒಂದೆರಡು ದಿನ ರಜೆ ಹಾಕು, ಮಾರಾಯ್ತಿ."

ಇರ್ತಾರಂತೆ. ಇರಬೇಕಾದವರೆಲ್ಲ ಇವನ ಹಾಗೆಯೇ ಬೆಟ್ಟ ಹತ್ತಿ ಕುಂಚ ಹಿಡಿದಿದ್ದರು. ಎರಡು ಸಲ ಪರೀಕ್ಷಿಸುವ ನಿಯಮ ಅವಳ ಕೋಣೆಯಲ್ಲೂ ಇತ್ತಲ್ಲ.

ಮಾಗ್ನಿ ನೇರ, ಆಸ್ಪತ್ರೆಯಿಂದ ಬಿಟ್ಟ ಮೇಲೆ ಗಂಡನನ್ನು ಸೇರಿಸಿದ್ದ ವೃದ್ಧಾಶ್ರಮಕ್ಕೆ ಹೋದಳು. ಅಲ್ಲಿ ರಜೆಯ ಬದಲಿಗೆ ಬಂದಿದ್ದ ಮೈಕೆನ್ ಎಂಬ ವಿದ್ಯಾರ್ಥಿನಿ ಟೋರ್ಗೆಯ್ರ್‌ನ ದಿಂಬು ಸರಿಪಡಿಸುತ್ತಿದ್ದಳು. ನಗುಮುಖದ ಹುಡುಗಿ, ಮಾಗ್ನಿಗೆ ಅವಳೆಂದರೆ ಇಷ್ಟ. ಇವತ್ತು ಮಾತ್ರ ಅವಳ ಮುಖ ನೋಡಲು ಭಯವಾಯಿತು.

"ಮೈಕೆನ್, ಒಂದು ಲೆಕ್ಕ ಕೇಳ್ಲಾ? ಒಂದು ಮಿಲಿಲೀಟರ್‌ನಲ್ಲಿ ಹತ್ತು ಮಿಲಿಗ್ರಾಂ ಮಾರ್ಫಿನ್ ಇದೆ. ಐದು ಮಿಲಿಗ್ರಾಂ ಕೊಡ್ಬೇಕು. ಎಷ್ಟು ಎಳೀತೀಯಾ?"

"ಅರ್ಧ," ಎಂದಳು ಮೈಕೆನ್ ತಟ್ಟನೆ. "ಪರೀಕ್ಷೇಲಿ ಬಂದಿತ್ತಲ್ಲ ಇದು."

ಮಾಗ್ನಿ ಕುರ್ಚಿ ಎಳೆದು ಕೂತಳು. ಹೋದ ಜೀವ ಬಂದಂತಾಯಿತು.

"ಇದೇ ಲೆಕ್ಕಕ್ಕೆ ನನ್ನ ಗೆಳತಿ ಸುನ್ನಿವಾ ಐದು ಅಂತ ಬರೆದು ಸಂಜೆಯೆಲ್ಲ ಅತ್ತಿದ್ಲು," ಮೈಕೆನ್ ಹೊದಿಕೆ ಮಡಿಸುತ್ತ ಹೇಳಿದಳು. "ಅವಳದ್ದು ಮೂರನೇ ಸಲ. ನೋಡಿದ್ರೆ ಪಾಸು. ಅರ್ಧವೇ ಸರಿ ಅಂತ ನಾನು ಎಷ್ಟು ಹೇಳಿದ್ರೂ ಕೇಳ್ಲಿಲ್ಲ. ಒಂದು ತಪ್ಪಾದ್ರೂ ಪಾಸಾಗಲ್ಲ, ಹಾಗಾಗಿ ಐದೇ ಸರಿ, ಅರ್ಧ ಬರೆದೂ ನೀನು ಪಾಸಾದದ್ದು ನಿನ್ನ ಪುಣ್ಯ ಅಂತ ನನಗೇ ಪಾಠ ಹೇಳಿದ್ಲು."

"ಈಗೆಲ್ಲಿದ್ದಾಳೆ?"

"ಸ್ಕಾರ್ವೊಯ್ ದ್ವೀಪದಲ್ಲಿ. ಅಲ್ಲಿನ ವೃದ್ಧಾಶ್ರಮದಲ್ಲಿ ಸಂಜೆ ಪಾಳಿ. ಒಬ್ಳೇ, ಪಾಪ. ಯಾಕೆ, ನಿಮ್ಮ ಮುಖ ಯಾಕೆ ಹೀಗಾಯ್ತು?"

ಹುಡುಗಿ ತಪ್ಪು ಬರೆದಿದ್ದಳು, ಅಷ್ಟೇ. ಅದೇ ಸರಿ ಎಂದು ಕಲಿಸಿದವಳು ಮಾಗ್ನಿ. ಸ್ಟೈನಾರ್‌ನ ಒಪ್ಪಿಗೆ, ನಿಯಮ, ಸಮಿತಿ ಎಲ್ಲವನ್ನೂ ಅಲ್ಲೇ ಬಿಟ್ಟು ಅವಳು ಹಜಾರಕ್ಕೆ ಓಡಿ ದ್ವೀಪಕ್ಕೆ ಫೋನ್ ಮಾಡಿದಳು. ಬಹಳ ಹೊತ್ತು ಬಡಿದುಕೊಂಡ ಮೇಲೆ ಅಡುಗೆಯವಳು ಎತ್ತಿದಳು. ಹಿಂದೆ ಪಾತ್ರೆಗಳ ಸದ್ದು.

"ಸುನ್ನಿವಾನಾ? ಈಗಷ್ಟೇ ಬಂದು ಹೋದ್ಲು. ಮೇಲಿನ ಮಹಡಿಯ ಅಜ್ಜನಿಗೆ ನೋವು ಜಾಸ್ತಿಯಾಗಿತ್ತು. ಮಾರ್ಫಿನ್ ಸೂಜಿ ಕೊಟ್ಟಿದ್ದಾಳೆ, ಈಗ ಹಾಯಾಗಿ ನಿದ್ದೆ ಮಾಡ್ತಿದಾರಂತೆ. ಏನಾದ್ರೂ ಹೇಳ್ಬೇಕಿತ್ತಾ?"