ಪ್ರಶ್ನೆಯಮ್ಮ ನುಂಗಿದ ಮಾತು

ಬೀದಿಯವರು ಅವಳನ್ನು ಕರೆಯುವುದು ಪ್ರಶ್ನೆಯಮ್ಮ ಎಂದು. ಹತ್ತೊಂಬತ್ತು ವರ್ಷದಿಂದ ಮನೆಮನೆ ಸಮೀಕ್ಷೆಯೇ ಅವಳ ಕೆಲಸ. ಯಾವ ಸೋಪು, ನಲ್ಲಿ ನೀರು ಎಷ್ಟು ಹೊತ್ತಿಗೆ, ಬಸ್ಸು ಹಿಡಿಯುವವರು ಎಷ್ಟು ಮಂದಿ, ಎಲ್ಲ ಕೇಳಿದ್ದಾಳೆ. ಅಷ್ಟು ವರ್ಷದಲ್ಲಿ ಅವಳ ಒಂದು ಫಾರಂ ಕೂಡ ವಾಪಸು ಬಂದಿಲ್ಲ. ಈ ಮಾತನ್ನು ಅವಳು ಅಗತ್ಯಕ್ಕಿಂತ ಸ್ವಲ್ಪ ಹೆಚ್ಚೇ ಹೇಳುತ್ತಾಳೆ, ಇರಲಿ.

ಈ ಸಲದ ಸಮೀಕ್ಷೆ ಮಾತ್ರ ಬೇರೆ ಥರದ್ದು. ಕೈಯಲ್ಲೊಂದು ಟ್ಯಾಬ್, ಅದರಲ್ಲಿ ಎರಡು ಬದುಕು. ಒಂದರಲ್ಲಿ ಹತ್ತು ವರ್ಷ ಮಂಡಿನೋವು, ಆಮೇಲೆ ಸಾವು. ಇನ್ನೊಂದರಲ್ಲಿ ಪೂರ್ತಿ ಆರೋಗ್ಯ, ಆದರೆ ವರ್ಷ ಕಡಿಮೆ, ಆಮೇಲೆ ಸಾವು. ಯಾವುದು ಬೇಕು? ಆರೋಗ್ಯದ್ದು ಎಂಟು ವರ್ಷವಾದರೆ? ಆರಾದರೆ? ಹೀಗೆ ಚೌಕಾಸಿ ಮಾಡುತ್ತ ಹೋಗಿ, ಎದುರಿನವರು "ಎರಡೂ ಒಂದೇ" ಎಂದಾಗ ನಿಲ್ಲಿಸಬೇಕು. ಇಂಥ ಸಾವಿರಾರು ಉತ್ತರ ಸೇರಿಸಿ ಕಚೇರಿಯ ಅಂಕಿಅಂಶದ ಮೇಷ್ಟ್ರು ಒಂದು ಮಾದರಿ ಕಟ್ಟುತ್ತಾರೆ. ಯಾವ ಕಾಯಿಲೆ ಬದುಕನ್ನು ಎಷ್ಟು ಕುಗ್ಗಿಸುತ್ತದೆ ಎಂದು ಜನರ ಬಾಯಿಂದಲೇ ಬಂದ ಅಳತೆ ಅದು. ಯಾವ ಚಿಕಿತ್ಸೆಗೆ ಮೊದಲ ಮಣೆ ಹಾಕಬೇಕೆಂದು ಆಸ್ಪತ್ರೆಗಳು ಅದನ್ನು ನೋಡಿ ತೀರ್ಮಾನಿಸುತ್ತವೆ.

ಒಂದು ಬೆಳಿಗ್ಗೆ ಮೇಷ್ಟ್ರು ಅವಳನ್ನು ಕರೆಸಿದರು.

"ನಿಮ್ಮ ಎಪ್ಪತ್ತೆರಡು ಮನೆ ಉತ್ತರಾನೂ ಕೈಬಿಡಬೇಕಾಗುತ್ತೆ ಅಮ್ಮಾ. ಬರೀ ಮಂಡಿನೋವಿಗೆ ನಿಮ್ಮ ಜನ ಒಂಬತ್ತು ವರ್ಷ ಬಿಟ್ಟುಕೊಟ್ಟಿದ್ದಾರೆ! ಅವರಿಗೆ ಜೀವ ಅಷ್ಟು ಬೇಡವಾಗಿದೆಯಾ? ಇಲ್ಲ, ನೀವೇ ಮನೇಲಿ ಕೂತು ತುಂಬಿದ್ರಾ?"

ಅವಳಿಗೆ ಮೈಯೆಲ್ಲ ಉರಿದುಹೋಯಿತು. ಒಬ್ಬ ಗಾರೆ ಕೆಲಸದಾತ ಒಂದು ಗಂಟೆ ತಲೆ ಕೆರೆದುಕೊಂಡು ಉತ್ತರ ಕೊಟ್ಟಿದ್ದ. ಅಂಥ ಎಪ್ಪತ್ತೆರಡು ಜನರ ಮಾತು ಕಸದ ಬುಟ್ಟಿಗೆ ಹೋಗುವುದೆಂದರೇನು?

"ಬನ್ನಿ ಸಾರ್, ನಿಮ್ಮನ್ನೇ ಕೇಳ್ತೀನಿ, ಹೇಗೆ ಕೇಳ್ತೀನಿ ಅಂತ ನೀವೇ ನೋಡಿ," ಎಂದಳು.

ಮೇಷ್ಟ್ರು ಕೈಕಟ್ಟಿ ಕೂತರು. ಅವಳು ಶುರು ಮಾಡಿದಳು. "ಹತ್ತು ವರ್ಷ ಮಂಡಿನೋವಲ್ಲಿ ಇರ್ತೀರಿ. ಆಮೇಲಿಂದು ಆಮೇಲೆ ನೋಡ್ಕೊಳ್ಳೋಣ."

"ತಡೀರಿ. ಅಲ್ಲಿ ಬೇರೆ ಏನೋ ಬರೆದಿದೆಯಲ್ಲ?"

ಅವಳು ಸೆರಗು ಸರಿಮಾಡಿಕೊಂಡಳು. "ಅದೊಂದು ಮಾತು ಬಿಟ್ಟೆ ಸಾರ್. ಕುರ್ಚಿ ಹಾಕಿ, ನೀರು ಕೊಟ್ಟವರ ಮನೇಲಿ ಕೂತು ನೀವು ಸಾಯ್ತೀರಿ ಅಂತ ಹೇಗೆ ಅನ್ನಲಿ?"

ಮೇಷ್ಟ್ರು ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. "ಸಾಯೋದೇ ಇಲ್ಲ ಅಂದ್ರೆ ನಾನೂ ಆರೋಗ್ಯಾನೇ ತಗೋತೀನಿ, ಒಂದೇ ವರ್ಷ ಆದ್ರೂ! ಎರಡು ವಾರ ಇದೆ. ಎಲ್ಲರನ್ನೂ ಇನ್ನೊಂದು ಸಲ ಕೇಳಿ, ಪೂರ್ತಿ ಕೇಳಿ."

ಮೊದಲು ನಾಲಗೆ ಪಳಗಬೇಕಿತ್ತು. ಮಾವ ತೀರಿಕೊಂಡ ಮೇಲೆ ಮನೆಯಲ್ಲಿ ಆ ಮಾತನ್ನು ಯಾರೂ ಆಡಿರಲಿಲ್ಲ, ಅತ್ತೆಯ ಎದುರಿಗಂತೂ ಇಲ್ಲವೇ ಇಲ್ಲ. ಅತ್ತೆ ಸೊಂಟದ ಮೂಳೆ ಮುರಿದುಕೊಂಡು ನಾಲ್ಕು ವರ್ಷದಿಂದ ಕಿಟಕಿ ಪಕ್ಕದ ಕುರ್ಚಿಯಲ್ಲೇ ಇದ್ದರು. ಅವತ್ತು ಮಡಿಲಲ್ಲಿ ಮೊರ ಇಟ್ಟುಕೊಂಡು ಅವರೆ ಸುಲಿಯುತ್ತಿದ್ದರು. ಸೊಸೆ ಟ್ಯಾಬ್‌ನಲ್ಲಿ ನಡೆಯಲಾಗದವರ ಪ್ರಶ್ನೆ ತೆಗೆದು, ಓದಿ, ಕೊನೆಗೆ ಬಂದು ಉಗುಳು ನುಂಗಿದಳು.

"ಏನೋ ನುಂಗ್ತಿದ್ದೀಯ. ಹೇಳೇ."

"ಆಮೇಲೆ... ಸಾವು, ಅತ್ತೆ."

"ಅಷ್ಟೇನಾ? ನಾನೇನು ಇಲ್ಲೇ ಗೂಟ ಹೊಡ್ಕೊಂಡು ಕೂತಿರ್ತೀನಿ ಅಂದ್ಕೊಂಡಿದ್ದೀಯಾ? ಮುಂದೆ ಓದು."

ನಡೆದಾಡುವ ಎಂಟು ವರ್ಷ ಬೇಕೋ, ಕುರ್ಚಿಯ ಹತ್ತು ಬೇಕೋ? ಎಂಟು, ಎಂದರು ಅತ್ತೆ. ಏಳಾದರೆ? ಏಳೂ ಸರಿ. ಆರಾದರೆ? ಅತ್ತೆಯ ಕೈ ನಿಂತಿತು.

"ಆರು... ಎರಡೂ ಒಂದೇ ಅಂತ ಬರ್ಕೋ."

ಕುರ್ಚಿ ಬಿಟ್ಟು ನಡೆಯಲು ಅತ್ತೆ ನಾಲ್ಕು ವರ್ಷದ ಆಯುಸ್ಸನ್ನೇ ಕೊಡಲು ತಯಾರು! ಅತ್ತೆ ಆರಾಮಾಗಿದ್ದಾರೆ ಎಂದುಕೊಂಡಿದ್ದ ಸೊಸೆಗೆ ಸಂಕಟವಾಯಿತು.

"ನಡೆಯೋಕಾದ್ರೆ ಎಲ್ಲಿಗೆ ಹೋಗ್ತೀರಿ ಅತ್ತೆ?"

"ಎಲ್ಲಿಗೆ ಹೋಗಲಿ? ಬೀದಿ ತುದಿ ತನಕ."

ಊರವರಿಗೆಲ್ಲ ಪ್ರಶ್ನೆ ಕೇಳುವವಳು ಮನೆಯಲ್ಲಿ ಇದೊಂದನ್ನು ಕೇಳಿರಲಿಲ್ಲ.

ಮುಂದಿನ ಎರಡು ವಾರ ಅವಳು ಎಪ್ಪತ್ತೆರಡು ಬಾಗಿಲನ್ನೂ ಮತ್ತೆ ತಟ್ಟಿದಳು. ಯಾರೂ ಬೈಯಲಿಲ್ಲ. "ಮೊದಲೇ ಹೇಳಬಾರದಿತ್ತೇನಮ್ಮ? ಹಾಗಾದ್ರೆ ಮಂಡಿ ನೋಯಲಿ ಬಿಡು, ಒಂದು ವರ್ಷಕ್ಕಿಂತ ಜಾಸ್ತಿ ಕೊಡಲ್ಲ," ಎಂದ ಗಾರೆ ಕೆಲಸದಾತ. ಉತ್ತರಗಳೆಲ್ಲ ಮಾದರಿಯೊಳಗೆ ಸೇರಿದವು ಎಂದು ಮೇಷ್ಟ್ರು ಫೋನು ಮಾಡಿದಾಗ ಅವಳಿಗೆ ಹಾರಾಡುವಷ್ಟು ಖುಷಿಯಾಯಿತು.

ಆ ಭಾನುವಾರ ಸಂಜೆ ಬಾಗಿಲ ಹಿಂದೆ ಮಡಿಚಿಟ್ಟಿದ್ದ, ಆಸ್ಪತ್ರೆಗೆ ಹೋಗುವಾಗ ಮಾತ್ರ ಬಿಚ್ಚುತ್ತಿದ್ದ ಗಾಲಿಕುರ್ಚಿ ಹೊರಗೆ ಬಂತು. ಗಂಡ ತಳ್ಳಿದ, ಅವಳು ಪಕ್ಕದಲ್ಲಿ ನಡೆದಳು. ಬೀದಿ ತುದಿಯಲ್ಲಿ ಅತ್ತೆ ಮುಕ್ಕಾಲು ಗಂಟೆ ಕೂತು, ತಿರುವಿನಲ್ಲಿ ಬರುವ ಬಸ್ಸುಗಳನ್ನೂ ಚಪ್ಪಲಿ ಹೊಲಿಯುವವನನ್ನೂ ನೋಡಿದರು. ಮೂವರು ಹಳೆಯ ಗುರುತಿನವರು ಸಿಕ್ಕಿ ಮಾತಾಡಿಸಿದರು.

ವಾಪಸು ಬರುವಾಗ ಅತ್ತೆ ಕತ್ತು ತಿರುಗಿಸಿ ಹೇಳಿದರು. "ಅವತ್ತು ಆರು ಅಂದಿದ್ನಲ್ಲ, ಅದನ್ನ ಏಳು ಮಾಡ್ಕೋ."

"ಯಾಕತ್ತೆ?"

"ಈ ಕುರ್ಚಿ ಬದುಕು ಸ್ವಲ್ಪ ತುಟ್ಟಿಯಾಗಿದೆ ಕಣೇ. ಇನ್ನು ಆರಕ್ಕೆಲ್ಲ ಕೊಡಲ್ಲ."

"ಅದು ಲೆಕ್ಕಕ್ಕಿಲ್ಲ ಅತ್ತೆ. ರೂಢಿಯಾಗಲಿ ಅಂತ ಕೇಳಿದ್ದಷ್ಟೇ."

"ನಿನ್ನ ಮೇಷ್ಟ್ರ ಲೆಕ್ಕ ಯಾರಿಗೆ ಬೇಕು? ನೀನು ಬರ್ಕೋ."

ಅವಳು ಅಲ್ಲೇ ನಿಂತು, ಚೀಲದಿಂದ ಪೆನ್ನು ತೆಗೆದು, ಅಂಗೈ ಮೇಲೆ ಏಳು ಎಂದು ಬರೆದುಕೊಂಡಳು.